ಗ್ಯಾರೇಜಿನಲ್ಲಿ ಬೆಳೆಯುತ್ತಿರುವ ದೋಣಿ

ಪ್ರಶ್ನೆ: ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಎವರೆಟ್‌ನಲ್ಲಿ. ನಮ್ಮವರು ಗಂಗೊಳ್ಳಿಯವರು, ಮೀನುಗಾರರ ಮನೆತನ. ಈಗ ಸಾಫ್ಟ್‌ವೇರ್ ಕೆಲಸ. ನಾನು ತುಮಕೂರಿನವಳು, ಈಜು ಬಾರದು. ಇವರು ಗ್ಯಾರೇಜಿನಲ್ಲಿ ಇಪ್ಪತ್ತು ಅಡಿ ಉದ್ದದ ಅಲ್ಯುಮಿನಿಯಂ ದೋಣಿ ಕಟ್ಟಲು ಹಿಡಿದು ವರ್ಷವಾಗುತ್ತ ಬಂತು. ನಕ್ಷೆಯನ್ನು ದುಡ್ಡು ಕೊಟ್ಟು ತರಿಸಿಕೊಂಡರು. ವೆಲ್ಡಿಂಗ್ ಕಲಿತದ್ದು ಕಮ್ಯುನಿಟಿ ಕಾಲೇಜಿನ ಸಂಜೆ ಕ್ಲಾಸಿನಲ್ಲಿ, ಮಿಕ್ಕದ್ದು ವಿಡಿಯೋ ನೋಡಿ. ತಳದ ಪ್ಲೇಟುಗಳನ್ನು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ ನಿಲ್ಲಿಸಿದ್ದಾರೆ. ಪೂರ್ತಿ ಬೆಸುಗೆ ಈ ಬೇಸಿಗೆಯಲ್ಲಂತೆ. ಮುಂದಿನ ವರ್ಷ ಒಂಬತ್ತು ವರ್ಷದ ಮಗನನ್ನು ಕೂರಿಸಿಕೊಂಡು ಸಮುದ್ರಕ್ಕೆ ಹೋಗುವ ಯೋಜನೆ. “ಮನೇಲಿ ಬೆಸೆದ ದೋಣಿ, ನಡುನೀರಲ್ಲಿ ಬಿಟ್ಟುಕೊಂಡರೆ?” ಎಂದೆ. “ನಮ್ಮಜ್ಜನ ದೋಣಿ ಹಗ್ಗದಲ್ಲಿ ಹೊಲಿದದ್ದು. ಅದನ್ನ ಯಾರು ಟೆಸ್ಟ್ ಮಾಡಿದ್ರು? ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ, ಅಷ್ಟೆ” ಎಂದು ಎರಡು ದಿನ ಮಾತು ಬಿಟ್ಟರು. ಈಗ ಎಂಜಿನ್‌ಗೆ ಮುಂಗಡ ಕೊಡುವ ಮಾತು ನಡೆದಿದೆ. ನನ್ನದು ಬರೀ ಪುಕ್ಕಲುತನವೇ? ತಡೆಯಲೇ, ಸುಮ್ಮನಿರಲೇ?

ಉತ್ತರ: ತಡೆಯಬೇಡಿ, ಸುಮ್ಮನೆಯೂ ಇರಬೇಡಿ. ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ತೊಡರಿಕೊಂಡಿವೆ. ಗಂಡನ ಮೇಲೆ ನಂಬಿಕೆ ಇದೆಯೇ ಎನ್ನುವುದು ಒಂದು. ಅವರು ಹಾಕುವ ಬೆಸುಗೆ ಗಟ್ಟಿಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನೀವಿಬ್ಬರೇ ಕಂಡುಕೊಳ್ಳಬೇಕು. ಎರಡನೆಯದಕ್ಕೆ ಲೋಹವೇ ಉತ್ತರ ಹೇಳುತ್ತದೆ; ಕೇಳುವ ಕ್ರಮ ಗೊತ್ತಿದ್ದರೆ ಸಾಕು. ಈ ಅಂಕಣಕ್ಕೆ ಬರುವ ಮೊದಲು ನಾನು ಹಲವು ವರ್ಷ ಹಡಗು ಕಟ್ಟುವ ಕಡೆ ಬೆಸುಗೆ ಪರೀಕ್ಷಕಿಯಾಗಿದ್ದೆ. ಮೂವತ್ತು ವರ್ಷ ಕೈ ಪಳಗಿದ ವೆಲ್ಡರುಗಳ ಕೆಲಸವನ್ನೂ ಬಣ್ಣ ಹಚ್ಚಿ, ಎಕ್ಸ್‌ರೇ ಹಿಡಿದು ನೋಡುತ್ತಿದ್ದೆವು. ಅವರಲ್ಲಿ ಒಬ್ಬರೂ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಮುನಿಸಿಕೊಂಡವರಲ್ಲ. ಪರೀಕ್ಷೆ ಆ ಕೆಲಸದ ಒಂದು ಭಾಗ, ಊಟಕ್ಕೆ ಮುಂಚೆ ಕೈ ತೊಳೆದಷ್ಟೇ ಸಹಜ.

ಅಜ್ಜನ ದೋಣಿಯ ಮಾತಿಗೆ ಮೊದಲು ಬರುತ್ತೇನೆ, ಏಕೆಂದರೆ ನಿಮ್ಮವರ ವಾದದ ಜೀವ ಅಲ್ಲಿದೆ. ನಮ್ಮ ಪಡುವಣ ಕರಾವಳಿಯಲ್ಲಿ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟಿದ ದೋಣಿಗಳು ತಲೆಮಾರುಗಟ್ಟಲೆ ಓಡಿದ್ದು ನಿಜ. ಅವನ್ನು ಯಾರೂ ಪರೀಕ್ಷಿಸಲಿಲ್ಲ ಎನ್ನುವುದು ಮಾತ್ರ ನಿಜವಲ್ಲ. ದಿನಾ ಪರೀಕ್ಷೆ ನಡೆಯುತ್ತಿತ್ತು. ಹೊಲಿಗೆ ಸಡಿಲವಾದರೆ ನೀರು ಜಿನುಗುತ್ತಿತ್ತು, ಕಾಲಿಗೆ ತಾಗುತ್ತಿತ್ತು, ಮೊಗೆದು ಚೆಲ್ಲುತ್ತಿದ್ದರು. ದಡಕ್ಕೆ ಎಳೆದಾಗ ಆ ಜಾಗ ನೋಡಿ ಎಣ್ಣೆ ಬಳಿಯುತ್ತಿದ್ದರು, ಹುರಿ ಹಳತಾದರೆ ಬಿಚ್ಚಿ ಹೊಸದಾಗಿ ಹೊಲಿಯುತ್ತಿದ್ದರು. ಆ ದೋಣಿ ಕೆಡುವ ಮೊದಲು ಹೇಳಿ ಕೆಡುತ್ತಿತ್ತು. ಅಲ್ಯುಮಿನಿಯಂ ಬೆಸುಗೆಗೆ ಆ ಸೌಜನ್ಯವಿಲ್ಲ. ಮೇಲೆ ಅಲೆಯಲೆಯಾಗಿ ಚೆಂದವಾಗಿ ಕಂಡು, ಕೆಳಗೆ ಪ್ಲೇಟಿಗೆ ಅಂಟಿಯೇ ಇರದೆ ಕೂತಿರಬಹುದು. ವರ್ಷವೋ ಎರಡು ವರ್ಷವೋ ಅಲೆಯ ಹೊಡೆತ ತಿಂದು, ಒಂದು ದಿನ ಬಿರುಕು ಓಡುತ್ತದೆ. ಅಜ್ಜನ ಹೆಸರು ಎತ್ತಿದವರು ಅಜ್ಜನ ಹಾಗೆ ದೋಣಿಯನ್ನು ತಡವಿ ನೋಡುವ ಅಭ್ಯಾಸವನ್ನೂ ಇಟ್ಟುಕೊಳ್ಳಲಿ.

ಹೀಗೇಕೆ ಆಗುತ್ತದೆ ಎಂದು ಸ್ವಲ್ಪ ತಿಳಿದಿದ್ದರೆ ನಿಮ್ಮ ಹೆದರಿಕೆಗೆ ಒಂದು ಆಕಾರ ಬರುತ್ತದೆ. ಅಲ್ಯುಮಿನಿಯಂ ಕರಗುವುದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ. ಅದರ ಮೈಮೇಲೆ ಸದಾ ಇರುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಪೊರೆಯನ್ನು ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ ತೆಗೆಯದೆ ಬೆಸೆದರೆ, ಒಳಗಿನ ಲೋಹ ನೀರಾದರೂ ಪೊರೆ ಮಧ್ಯೆ ಗೋಡೆಯಾಗಿ ನಿಲ್ಲುತ್ತದೆ. ಕಬ್ಬಿಣ ಕಾದರೆ ಕೆಂಪಗಾಗಿ ಎಚ್ಚರಿಸುತ್ತದೆ. ಅಲ್ಯುಮಿನಿಯಂ ಬಣ್ಣ ಬದಲಿಸದೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಇನ್ನು ಅದು ಶಾಖವನ್ನು ಉಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚು ವೇಗವಾಗಿ ಹರಡಿಬಿಡುವುದರಿಂದ, ವೆಲ್ಡಿಂಗ್ ಗನ್ನಿನ ಕುದುರೆ ಒತ್ತಿದ ಮೊದಲ ಒಂದಂಗುಲದಲ್ಲಿ ಪ್ಲೇಟು ಇನ್ನೂ ತಣ್ಣಗಿರುತ್ತದೆ, ಬೆಸುಗೆಯ ತಂತಿ ಕರಗಿ ಅದರ ಮೇಲೆ ಸುಮ್ಮನೆ ಮಲಗುತ್ತದೆ. ನಿಲ್ಲಿಸುವ ಕಡೆಯಲ್ಲಿ ಇನ್ನೊಂದು ತೊಂದರೆ: ಕೊನೆಯ ಹನಿ ಆರುವಾಗ ಕುಗ್ಗಿ, ನಡುವೆ ನಕ್ಷತ್ರದಂಥ ಸಣ್ಣ ಬಿರುಕು ಬಿಡುತ್ತದೆ. ಹವ್ಯಾಸಿಗಳ ದೋಣಿಯಲ್ಲಿ ನಾನು ಮೊದಲು ಬೆರಳಿಡುವುದು ಈ ಆರಂಭ ಮತ್ತು ಅಂತ್ಯಗಳ ಮೇಲೆ. ನಡುವಿನ ಉದ್ದನೆಯ ಸಾಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ಈಗ ಪರೀಕ್ಷೆ. ಈ ವಾರವೇ ಮಾಡಬಹುದು. ತಳಕ್ಕೆ ಬಳಸಿದ ಪ್ಲೇಟಿನ ಉಳಿಕೆಯಲ್ಲಿ ಗೇಣುದ್ದದ ಎರಡು ತುಂಡು ಕತ್ತರಿಸಲು ಹೇಳಿ. ಒಂದನ್ನು ಮಲಗಿಸಿ, ಅದರ ನಡುವೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಬದಿಯಲ್ಲಿ ಮೂಲೆಗುಂಟ ಬೆಸೆಯಲಿ. ಬೆಸೆಯುವಾಗ ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಲಿ, ಅದು ಕಡ್ಡಾಯ. ಆರಿದ ಮೇಲೆ ವೈಸ್‌ನಲ್ಲಿ ಹಿಡಿಸಿ, ನಿಂತ ತುಂಡನ್ನು ಬೆಸುಗೆ ಇರುವ ಬದಿಗೇ ಮಡಿಯುವಂತೆ ಸುತ್ತಿಗೆಯಿಂದ ಹೊಡೆಯಬೇಕು, ಆಗ ಬೆಸುಗೆಯ ಬೇರು ಬಾಯಿ ಬಿಡುತ್ತದೆ. ಕನ್ನಡಕ ಹಾಕಿಕೊಂಡು ಸುತ್ತಿಗೆ ನೀವು ಹಿಡಿಯಿರಿ. ಪೂರ್ತಿ ಮಡಿದರೂ ಮುರಿಯದಿದ್ದರೆ ಬೆಸುಗೆ ಪಾಸು. ಮುರಿದರೆ ಒಳಗೆ ನೋಡಿ. ಎಲ್ಲ ಕಡೆ ಒರಟಾಗಿ, ಮಂಕು ಬೂದು ಬಣ್ಣದಲ್ಲಿ ಹರಿದಿದ್ದರೆ ಲೋಹ ಒಂದಾಗಿತ್ತು, ಹೊಡೆತಕ್ಕೆ ಹರಿಯಿತು, ಅಷ್ಟೆ. ಬೇರಿನುದ್ದಕ್ಕೂ ನುಣುಪಾದ ಗೆರೆ ಕಂಡು, ಅದರಲ್ಲಿ ಗರಗಸದ ಹಳೆಯ ಗೀರುಗಳು ಹಾಗೇ ಉಳಿದಿದ್ದರೆ, ಆ ಜಾಗದಲ್ಲಿ ಬೆಸುಗೆ ಆಗಿಯೇ ಇಲ್ಲ. ಗುಂಡಗಿನ ಪುಟ್ಟ ಪುಟ್ಟ ತೂತುಗಳಿದ್ದರೆ ಪ್ಲೇಟಿನಲ್ಲೋ ತಂತಿಯಲ್ಲೋ ತೇವ ಅಥವಾ ಎಣ್ಣೆ ಇತ್ತು. ಮಧ್ಯದಲ್ಲಿ ನಿಲ್ಲಿಸಿ ಶುರುಮಾಡಿದ ಜಾಗವನ್ನು ಹೆಚ್ಚು ಹೊತ್ತು ನೋಡಿ.

ಇದನ್ನು ಮಲಗಿಸಿದ ಭಂಗಿಯಲ್ಲಿ ಮಾತ್ರ ಮಾಡಿದರೆ ಸಾಲದು. ದೋಣಿಯೊಳಗೆ ಮಂಡಿಯೂರಿ, ಗೋಡೆಯ ಮೇಲೆ, ತಲೆಯ ಮೇಲೆ ಎಲ್ಲೆಲ್ಲಿ ಬೆಸೆಯಬೇಕೋ ಆ ಭಂಗಿಗಳಲ್ಲೆಲ್ಲ ಒಂದೊಂದು ತುಂಡು ಮಾಡಿಸಿ. ತಲೆಯ ಮೇಲಿನ ತುಂಡುಗಳೇ ಪಟಪಟ ಮುರಿದರೆ ನಿಮ್ಮವರು ತಾವಾಗಿಯೇ ದೋಣಿಯನ್ನು ಮಗುಚಿ ಹಾಕಿಕೊಂಡು ಬೆಸೆಯುವ ದಾರಿ ಹುಡುಕುತ್ತಾರೆ. ಅನುಭವಿಗಳು ಮಾಡುವುದೂ ಅದನ್ನೇ. ನೀವು ಒಂದು ಮಾತೂ ಆಡಬೇಕಾಗಿಲ್ಲ. ಸುತ್ತಿಗೆ ಕೊಟ್ಟ ತೀರ್ಪಿನ ಮೇಲೆ ಮುನಿಸಿಕೊಳ್ಳಲು ಬರುವುದಿಲ್ಲ.

ದೋಣಿಯ ತಳಕ್ಕೆ ಇನ್ನೊಂದು ಪರೀಕ್ಷೆ ಇದೆ. ಒಂದು ಬದಿ ಬೆಸೆದ ಮೇಲೆ ಹಿಂಬದಿಯಿಂದ ಬೇರಿನವರೆಗೆ ಕೆತ್ತಿ, ಹೊಳೆಯುವ ಹೊಸ ಲೋಹ ಕಾಣುವ ತನಕ ತೆಗೆದು, ಆಮೇಲೆ ಆ ಬದಿ ಬೆಸೆಯಬೇಕು. ಹವ್ಯಾಸಿಗಳು ಬೇಸತ್ತು ಬಿಟ್ಟುಬಿಡುವ ಕೆಲಸ ಇದೇ. ಕೆತ್ತಿದ್ದೀರಾ ಎಂದು ಕೇಳಿ. ಎರಡೂ ಬದಿ ಮುಗಿದ ಮೇಲೆ ಹೊರಗಿನಿಂದ ಕೆಂಪು ಬಣ್ಣದ ತೆಳು ದ್ರವ ಬಳಿದು, ಒಳಬದಿಗೆ ಸುಣ್ಣದಂಥ ಬಿಳಿ ಪುಡಿ ಸಿಂಪಡಿಸಿ ಕಾಯಬೇಕು. ಡೈ ಪೆನಿಟ್ರೆಂಟ್ ಕಿಟ್ ಎಂದರೆ ವೆಲ್ಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಕೂದಲೆಳೆಯ ತೂತಿದ್ದರೂ ಬಿಳಿಯ ಮೇಲೆ ಕೆಂಪು ಚುಕ್ಕಿ ಎದ್ದು ಬರುತ್ತದೆ. ಚುಕ್ಕಿ ಕಂಡಲ್ಲಿ ಮೇಲಿನಿಂದ ಇನ್ನೊಂದು ಹನಿ ಬೆಸುಗೆ ಹಚ್ಚಿ ಮುಚ್ಚುವಂತಿಲ್ಲ. ಆ ಬಣ್ಣವೇ ಹೊಸ ಬೆಸುಗೆಯನ್ನು ಕೆಡಿಸುತ್ತದೆ. ಕೆತ್ತಿ, ಒರೆಸಿ, ಮತ್ತೆ ಬೆಸೆಯಬೇಕು. ದೋಣಿಯ ಮುಚ್ಚಿದ ಕೋಣೆಗಳಿಗೆ ಗಾಳಿ ತುಂಬಿ ಸೋಪು ನೀರು ಹಚ್ಚಿ ನೋಡುವ ಕ್ರಮವೂ ಇದೆ, ಆದರೆ ದೊಡ್ಡ ಕಂಪ್ರೆಸರ್ ಜೋಡಿಸಬೇಡಿ ಎಂದು ಹೇಳಿ. ಚದರ ಅಂಗುಲಕ್ಕೆ ಒಂದೇ ಪೌಂಡ್ ಒತ್ತಡ ಎಂದರೂ ಪ್ರತಿ ಚದರ ಅಡಿಗೆ 144 ಪೌಂಡ್, ಅಂದರೆ ಅರವತ್ತೈದು ಕಿಲೋ. ಮುಚ್ಚಿದ ಕೋಣೆ ಉಬ್ಬಿ ಸಿಡಿದದ್ದುಂಟು.

ಇಷ್ಟು ಹೇಳಿ, ನಿಮ್ಮವರ ಪರವಾಗಿಯೂ ಮಾತನಾಡಬೇಕು. ಅವರ ಆಯ್ಕೆ ತಲೆಕೆಟ್ಟದ್ದಲ್ಲ. ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯಲ್ಲಿ ಸಾಲ್ಮನ್ ಹಿಡಿಯುವ 32 ಅಡಿಯ ದೋಣಿಗಳಲ್ಲಿ ಎಷ್ಟೋ ಇದೇ ಬೆಸೆದ ಅಲ್ಯುಮಿನಿಯಂ. ಇಳಿತದಲ್ಲಿ ಕೆಸರಿನ ಮೇಲೆ ಕೂರುತ್ತವೆ, ಒಂದಕ್ಕೊಂದು ಗುದ್ದಿಕೊಳ್ಳುತ್ತವೆ, ಮರುವರ್ಷ ಮತ್ತೆ ನೀರಿಗಿಳಿಯುತ್ತವೆ. ಈ ಲೋಹ ಹೊಡೆತಕ್ಕೆ ಒಡೆಯುವುದಕ್ಕಿಂತ ಮೊದಲು ತಗ್ಗು ಬೀಳುತ್ತದೆ. ತೂಕ ಉಕ್ಕಿನ ಮೂರನೆಯ ಒಂದು ಭಾಗ, ಬಣ್ಣವೂ ಬೇಡ. ಒಂದನ್ನು ಮಾತ್ರ ಖಚಿತ ಮಾಡಿಕೊಳ್ಳಿ: ಪ್ಲೇಟಿನ ಮೇಲೆ ಶಾಯಿಯಲ್ಲಿ ಅಚ್ಚಾದ ಅಂಕಿ. 5086 ಅಥವಾ 5083, ಜೊತೆಗೆ ಎಚ್116 ಎಂದಿದ್ದರೆ ಅದು ಕಡಲಿಗೆಂದೇ ಮಾಡಿದ ಮಿಶ್ರಲೋಹ. 5052 ಕೂಡ ಚಿಕ್ಕ ದೋಣಿಗಳಿಗೆ ನಡೆಯುತ್ತದೆ. 6061 ಎಂದಿದ್ದರೆ ಪಟ್ಟಿ, ಕೊಳವೆಗಳಿಗೆ ಸರಿ, ತಳದ ಹೊದಿಕೆಗೆ ಬೇಡ. ಅದು ಶಾಖದಿಂದ ಹದ ಮಾಡಿದ ಲೋಹ, ಬೆಸುಗೆಯ ಅಕ್ಕಪಕ್ಕದಲ್ಲಿ ಆ ಹದವೆಲ್ಲ ಇಳಿದು ಬಲದಲ್ಲಿ ದೊಡ್ಡ ಪಾಲು ಹೊರಟುಹೋಗುತ್ತದೆ. ದುಡ್ಡು ಕೊಟ್ಟು ನಕ್ಷೆ ತರಿಸಿದವರು ಪ್ಲೇಟಿನ ವಿಷಯದಲ್ಲೂ ನಕ್ಷೆ ಹೇಳಿದ್ದನ್ನೇ ಕೇಳಿರುತ್ತಾರೆ ಎಂದು ನನ್ನ ಊಹೆ. ಅಂಥ ಮನುಷ್ಯನನ್ನು ಹುಂಬ ಎಂದು ನಾನು ಕರೆಯಲಾರೆ.

ಎಂಜಿನ್ ಮುಂಗಡದ ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ಬೇಡ ಎನ್ನಬಹುದು. ಈಗಲ್ಲ, ಬೆಸುಗೆಯ ಪರೀಕ್ಷೆ ಮುಗಿದ ಮೇಲೆ. ಇಂಥ ದೋಣಿಗೆ ಎಂಜಿನ್ನಿನ ಬೆಲೆ ತಳದ ಲೋಹದ ಬೆಲೆಗಿಂತ ಹೆಚ್ಚಾಗುವುದು ಸಾಮಾನ್ಯ. ಅದು ಬಂದು ಗ್ಯಾರೇಜಿನಲ್ಲಿ ಕೂತರೆ ತಳವನ್ನು ಬೇಗ ಮುಗಿಸುವ ಆತುರ ಹತ್ತುತ್ತದೆ, ಕೆತ್ತುವ ಕೆಲಸ ಹಿಂದೆ ಬೀಳುತ್ತದೆ. ನೂರೈವತ್ತು ಅಶ್ವಶಕ್ತಿಯ ಔಟ್‌ಬೋರ್ಡ್ ಇನ್ನೂರು ಕಿಲೋಗೂ ಮೇಲೆ ತೂಗುತ್ತದೆ, ಹಿಂಭಾಗದ ಒಂದೇ ಪ್ಲೇಟಿಗೆ ನೇತು ಬಿದ್ದು ಪ್ರತಿ ಅಲೆಗೂ ಅದನ್ನು ಜಗ್ಗುತ್ತದೆ. ಆ ಹಿಂಪ್ಲೇಟಿನ ಬೆಸುಗೆ ಇಡೀ ದೋಣಿಯಲ್ಲಿ ಅತಿ ಹೆಚ್ಚು ದುಡಿಯುವ ಬೆಸುಗೆ. ಅದನ್ನು ಹೊರಗಿನವರೊಬ್ಬರು ನೋಡಲಿ.

ಆ ಹೊರಗಿನವರು ಯಾರೆಂದರೆ ಮರೀನ್ ಸರ್ವೇಯರ್, ಅಥವಾ ಪ್ರಮಾಣಪತ್ರವಿರುವ ಬೆಸುಗೆ ಪರೀಕ್ಷಕರು. ಎವರೆಟ್, ಸಿಯಾಟಲ್ ಕಡೆ ದೋಣಿ ಹಡಗುಗಳದೇ ಕಸುಬು, ಇಬ್ಬರೂ ಸಿಗುತ್ತಾರೆ. ಕರೆಸುವ ಹೊತ್ತು ಮುಖ್ಯ. ಒಳಗಿನ ನೆಲಹಾಸನ್ನು ಬೆಸೆದು ಮುಚ್ಚುವ ಮೊದಲೇ ಕರೆಸಬೇಕು. ಮುಚ್ಚಿದ ಮೇಲೆ ತಳದ ಉದ್ದಪಟ್ಟಿಗಳೂ ಅಡ್ಡಪಟ್ಟಿಗಳೂ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೇಗಿದ್ದರೂ ವಿಮೆ ಕೊಡುವವರು ಮನೆಯಲ್ಲಿ ಕಟ್ಟಿದ ದೋಣಿಗೆ ಸರ್ವೇ ವರದಿ ಕೇಳುವುದೇ ಹೆಚ್ಚು; ಆ ಖರ್ಚನ್ನು ಉಪಯೋಗಕ್ಕೆ ಬರುವ ಹೊತ್ತಿನಲ್ಲೇ ಮಾಡಿ. ನೋಂದಣಿಗೆ ರಾಜ್ಯದ ಲೈಸೆನ್ಸಿಂಗ್ ಇಲಾಖೆಗೆ ಹೋಗಬೇಕು. ಸ್ವಂತಕ್ಕೆ ಕಟ್ಟಿಕೊಂಡವರ ದೋಣಿಗೆ ಗುರುತಿನ ಸಂಖ್ಯೆಯನ್ನು ರಾಜ್ಯವೇ ಕೊಡುತ್ತದೆ. ಅಲ್ಲಿ ಬೇಕಾಗಬಹುದು, ಲೋಹ ಕೊಂಡ ರಸೀದಿಗಳನ್ನು ಎಸೆಯಬೇಡಿ.

ಹಾಗೆಯೇ ಗ್ಯಾರೇಜಿನ ಬಾಗಿಲು ಅಳೆದಿದ್ದಾರಾ ಎಂದೂ ಕೇಳಿ. ನಗಬೇಡಿ. ಟ್ರೈಲರ್ ಮೇಲೆ ಕೂತ ದೋಣಿಯ ಎತ್ತರ ನೆಲದ ಮೇಲಿನ ದೋಣಿಯ ಎತ್ತರವಲ್ಲ. ಅಮೆರಿಕದ ರಸ್ತೆಗಳಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಳೆಯಬಹುದಾದ ಅಗಲವೂ ಎಂಟೂವರೆ ಅಡಿಗೆ ಮುಗಿಯುತ್ತದೆ.

ನಡುನೀರಿನ ಮಾತು ನೀವು ಎತ್ತಿದಿರಿ. ನನಗೆ ಅದಕ್ಕಿಂತ ಹತ್ತಿರದ ಭಯ ಗ್ಯಾರೇಜಿನದು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಬಿಸಿನೀರಿನ ಗ್ಯಾಸ್ ಹೀಟರ್ ಇರುವುದು ನಿಮ್ಮಲ್ಲಿ ಸಾಮಾನ್ಯ. ಪ್ಲೇಟು ಒರೆಸುವ ಅಸಿಟೋನಿನ ಆವಿ ಗಾಳಿಗಿಂತ ಭಾರ, ನೆಲಗುಂಟ ಹರಿದು ಆ ಪುಟ್ಟ ಜ್ವಾಲೆಯನ್ನು ಮುಟ್ಟುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಲೋಹ ಒರೆಸಿ, ಆರುವ ಮೊದಲು ಬೆಸೆದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದದ್ದು ಅದೇ. ಅಂಥ ಡಬ್ಬಿ ಇದ್ದರೆ ಇವತ್ತೇ ಹೊರಗೆ ಹಾಕಿಸಿ. ಬೆಸುಗೆಗೆ ರಕ್ಷೆಯಾಗಿ ಬಿಡುವ ಆರ್ಗಾನ್ ವಾಸನೆಯಿಲ್ಲದ, ಗಾಳಿಗಿಂತ ಭಾರವಾದ ಅನಿಲ. ದೋಣಿಯ ಹೊಟ್ಟೆಯಲ್ಲಿ ಕೊಳದಂತೆ ತುಂಬಿ ನಿಂತು, ಅಲ್ಲಿ ಬಗ್ಗಿ ಕೂತವರಿಗೆ ಗೊತ್ತಾಗದೆ ಪ್ರಜ್ಞೆ ತಪ್ಪಿಸುತ್ತದೆ. ಫ್ಯಾನ್ ಹಾಕಿದರೆ ಆರ್ಗಾನ್ ಚದುರಿ ಬೆಸುಗೆ ಹಾಳು, ಬಾಗಿಲು ಮುಚ್ಚಿದರೆ ಮನುಷ್ಯನಿಗೆ ಕಷ್ಟ. ಹೊಗೆ ಹೀರುವ ಕೊಳವೆಯನ್ನು ಬೆಸುಗೆಯಿಂದ ಸ್ವಲ್ಪ ದೂರದಲ್ಲಿ ಹಿಡಿಸುವುದೇ ದಾರಿ. ಒಬ್ಬರೇ ಇದ್ದಾಗ ದೋಣಿಯೊಳಗೆ ಇಳಿದು ಬೆಸೆಯಬಾರದು. ಮಗ ನೋಡಲು ಆಸೆಪಟ್ಟರೆ ಅವನಿಗೂ ವೆಲ್ಡಿಂಗ್ ಮುಖವಾಡ, ತುಂಬು ತೋಳಿನ ಹತ್ತಿಯ ಅಂಗಿ. ಅಲ್ಯುಮಿನಿಯಂ ಕನ್ನಡಿಯಂತೆ ಕಿರಣಗಳನ್ನು ಎಸೆಯುವುದರಿಂದ ಬೆನ್ನು ತಿರುಗಿಸಿ ನಿಂತರೂ ಸಾಲದು.

ಇನ್ನು ನೀರು. ಪ್ಯೂಜೆಟ್ ಸೌಂಡ್‌ನ ನೀರು ವರ್ಷವಿಡೀ ಸುಮಾರು 8ರಿಂದ 13 ಡಿಗ್ರಿ. ಗಂಗೊಳ್ಳಿಯ ಅಳಿವೆಯಲ್ಲಿ ಈಜಿ ಬೆಳೆದವರಿಗೆ ಇದು ಬೇರೆಯೇ ಸಮುದ್ರ, ಇದನ್ನು ಅವರಿಗೆ ಮೆತ್ತಗೆ ನೆನಪಿಸಿ. ತಣ್ಣೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ, ಆಮೇಲೆ ಹತ್ತು ನಿಮಿಷವಷ್ಟೇ ಕೈಕಾಲು ಮಾತು ಕೇಳುತ್ತವೆ. ಈಜು ಬಲ್ಲವರು, ಬಾರದವರು ಎಂಬ ಭೇದ ಅಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಉಳಿಸುವುದು ಮೈಮೇಲಿರುವ ಲೈಫ್ ಜಾಕೆಟ್. ವಾಷಿಂಗ್ಟನ್ ರಾಜ್ಯದ ಕಾನೂನು 12 ವರ್ಷದವರೆಗಿನ ಮಕ್ಕಳಿಗೆ ಜಾಕೆಟ್ ಕಡ್ಡಾಯ ಮಾಡಿರುವುದು 19 ಅಡಿಗಿಂತ ಚಿಕ್ಕ ದೋಣಿಗಳಲ್ಲಿ. ನೀರು ತುಂಬಿದರೂ ತೇಲಬೇಕೆಂಬ ಕೋಸ್ಟ್ ಗಾರ್ಡ್ ನಿಯಮ ಇರುವುದು 20 ಅಡಿಗಿಂತ ಚಿಕ್ಕ ದೋಣಿ ತಯಾರಿಸುವವರಿಗೆ. ನಿಮ್ಮ ದೋಣಿ ಎರಡೂ ಗೆರೆಗಳ ಆಚೆ ನಿಂತಿದೆ. ಈ ಲೆಕ್ಕ ಹೇಳಿ ಯಾರಾದರೂ ವಿನಾಯಿತಿ ಕೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮೂವರಿಗೂ ಜಾಕೆಟ್, ಕಟ್ಟೆ ಬಿಡುವ ಮೊದಲೇ. ತೇಲಿಸಲು ನೀರು ಹೀರದ ಫೋಮ್ ಇರಲಿ, ಆದರೆ ಲೋಹಕ್ಕೆ ಒತ್ತಿ ತುಂಬದೆ, ಅಡಿಯಲ್ಲಿ ನೀರು ಹರಿದುಹೋಗಲು ಎಡೆ ಬಿಟ್ಟು. ತೇವ ಕಟ್ಟಿ ನಿಂತಲ್ಲಿ ಅಲ್ಯುಮಿನಿಯಂ ಗುಟ್ಟಾಗಿ ಸವೆಯುತ್ತದೆ.

ನಿಮಗೂ ಒಂದು ಕೆಲಸ ಹೇಳುತ್ತೇನೆ. ನಿಮ್ಮ ರಾಜ್ಯದಲ್ಲಿ 15 ಅಶ್ವಶಕ್ತಿ ಮತ್ತು ಮೇಲ್ಪಟ್ಟ ದೋಣಿ ನಡೆಸಲು ಬೋಟರ್ ಶಿಕ್ಷಣ ಕಾರ್ಡ್ ಬೇಕು. ಅವರ ಜೊತೆ ನೀವೂ ತೆಗೆದುಕೊಳ್ಳಿ. ಅವರೇ ನೀರಿಗೆ ಬಿದ್ದರೆ ದೋಣಿ ತಿರುಗಿಸಿ ತರಬೇಕಾದವರು ನೀವು. ಎಂಜಿನ್ ನಿಲ್ಲಿಸುವುದು, ರೇಡಿಯೋದ 16ನೇ ಚಾನೆಲ್ಲಿನಲ್ಲಿ ಕರೆಯುವುದು, ಚಾಲಕನ ಮೈಗೆ ಸಿಕ್ಕಿಸುವ ಎಂಜಿನ್ ಕಡಿತದ ದಾರ, ಇವಿಷ್ಟು ಕೈಗೆ ಬಂದರೆ ನಿಮ್ಮ ಹೆದರಿಕೆಯಲ್ಲಿ ಅರ್ಧ ಇಳಿಯುತ್ತದೆ. ಆ ದಾರ ಇರುವ ದೋಣಿ 26 ಅಡಿಗಿಂತ ಚಿಕ್ಕದಾದರೆ ಅದನ್ನು ಧರಿಸಿಯೇ ಓಡಿಸಬೇಕೆಂದು 2021ರ ಏಪ್ರಿಲ್‌ನಿಂದ ಅಮೆರಿಕದಲ್ಲಿ ಕಾನೂನೂ ಇದೆ.

ಮೊದಲ ಪಯಣ ಸಮುದ್ರಕ್ಕೆ ಬೇಡ, ಗಾಳಿಯಿಲ್ಲದ ದಿನ ಯಾವುದಾದರೂ ಕೆರೆಗೆ. ಅವರು ಇನ್ನೊಬ್ಬ ದೊಡ್ಡವರ ಜೊತೆ ಹೋಗಲಿ. ನೀವೂ ಮಗನೂ ದಡದಲ್ಲಿರಿ. ಅರ್ಧ ಗಂಟೆಗೊಮ್ಮೆ ತಳದ ಮುಚ್ಚಳ ತೆಗೆದು ನೀರಿದೆಯೇ ನೋಡಲಿ. ಕೆಲವು ಸಲ ಹೀಗೆ ಹೋಗಿ ಬಂದ ಮೇಲೆ, ಹಿಂಪ್ಲೇಟಿನ ಮೂಲೆಗಳಿಗೂ ಉದ್ದಪಟ್ಟಿಗಳು ಮುಗಿಯುವ ತುದಿಗಳಿಗೂ ಮತ್ತೊಮ್ಮೆ ಕೆಂಪು ಬಣ್ಣ ಹಾಕಿ ನೋಡಬೇಕು. ಬಿರುಕು ಹುಟ್ಟುವುದಾದರೆ ಅಲ್ಲೇ. ಏನೂ ಕಾಣದಿದ್ದರೆ ಮಗನನ್ನು ಕೂರಿಸಿ, ನೀವೂ ಕೂರಿ.

ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಪ್ರಶ್ನೆ ಬರೆದಿದ್ದೀರಿ: ಅತ್ತೆಯವರು ಊರಿನಿಂದ ಬಂದು ದೋಣಿಪೂಜೆ ಮಾಡಿಸಬೇಕು ಎನ್ನುತ್ತಾರೆ, ಅಲ್ಯುಮಿನಿಯಂಗೆ ತೊಂದರೆ ಇದೆಯೇ ಎಂದು. ಧಾರಾಳವಾಗಿ ಮಾಡಿಸಿ. ಮುಂತುದಿಯ ಪ್ಲೇಟಿಗೆ ತೆಂಗಿನಕಾಯಿ ಒಡೆದರೆ ಕಾಯಿಗೇ ಕಷ್ಟ. ಅರಿಶಿನ ಕುಂಕುಮ ತೊಳೆದರೆ ಹೋಗುತ್ತದೆ. ದಕ್ಷಿಣೆಯ ನಾಣ್ಯ, ತಾಮ್ರದ ಚೊಂಬು, ಹಿತ್ತಾಳೆಯ ದೀಪ ಇವು ಮಾತ್ರ ದೋಣಿಯ ತಳದಲ್ಲಿ ಉಳಿಯಬಾರದು. ಉಪ್ಪುನೀರಿನಲ್ಲಿ ತಾಮ್ರ ತಾಗಿಕೊಂಡ ಅಲ್ಯುಮಿನಿಯಂ ತಾನೇ ಕರಗಿಹೋಗುತ್ತದೆ. ಹಲಗೆಯಡಿ ಬಿದ್ದ ಒಂದು ನಾಣ್ಯ ತಳಕ್ಕೇ ತೂತು ಮಾಡಬಲ್ಲದು. ಇದೇ ಕಾರಣಕ್ಕೆ ತಾಮ್ರ ಬೆರೆತ ತಳದ ಬಣ್ಣವನ್ನೂ ಹಚ್ಚಿಸಬೇಡಿ, ಬ್ಯಾಟರಿಯ ನೆಗೆಟಿವ್ ತಂತಿಗೆ ದೋಣಿಯ ಮೈಯನ್ನೇ ದಾರಿ ಮಾಡಿಕೊಳ್ಳಬೇಡಿ ಎಂದು ನಿಮ್ಮವರಿಗೆ ಹೇಳಿ. ಪೂಜೆ ಮುಗಿದ ಮೇಲೆ ಚಿಲ್ಲರೆಯನ್ನು ಎಣಿಸಿ ತೆಗೆದುಕೊಳ್ಳಿ.